ದೋಣಿಯ ಹತ್ಯಾರುಗಳೂ ಉಪ್ಪುಗಾಳಿಯೂ

ಕಡಲಿಗಿಳಿಯುವ ಬೋಟಿನಲ್ಲಿ ಅತ್ಯಂತ ಬೆಲೆಯುಳ್ಳ ವಸ್ತು ಯಾವುದೆಂದು ಕೇಳಿದರೆ ಒಬ್ಬರು ಯಂತ್ರವೆಂದಾರು, ಇನ್ನೊಬ್ಬರು ಬಲೆಯೆಂದಾರು, ಮತ್ತೊಬ್ಬರು ಹಿಡಿದು ತಂದ ಮೀನೆಂದಾರು. ಯಂತ್ರದ ಕೋಣೆಯ ಮೂಲೆಯಲ್ಲಿ ಗೋಣಿಚೀಲದೊಳಗೆ ಬಿದ್ದಿರುವ ನಾಲ್ಕಾರು ಸ್ಪ್ಯಾನರುಗಳನ್ನೂ ಇಕ್ಕಳವನ್ನೂ ತಿರುಪುಳಿಗಳನ್ನೂ ಯಾರೂ ಹೆಸರಿಸಲಾರರು. ಆದರೆ ನಡುರಾತ್ರಿಯಲ್ಲಿ, ದಡದ ದೀಪಗಳು ಕಾಣದಷ್ಟು ದೂರದಲ್ಲಿ ಯಂತ್ರವು ನಿಂತುಹೋದಾಗ, ಬೋಟಿನಲ್ಲಿರುವವರ ಪ್ರಾಣವು ಈ ಹೆಸರಿಲ್ಲದ ಹತ್ಯಾರುಗಳನ್ನೇ ನಂಬಿರುತ್ತದೆ. ಡೀಸೆಲಿನ ಕೊಳವೆಯಲ್ಲಿ ಗಾಳಿ ಸೇರಿದೆಯೆಂದು ಇಟ್ಟುಕೊಳ್ಳೋಣ. ಒಂದು ತಿರುಪನ್ನು ಸಡಿಲಿಸಿ ಆ ಗಾಳಿಯನ್ನು ಹೊರಗೆ ಬಿಟ್ಟರೆ ಯಂತ್ರವು ಮತ್ತೆ ಓಡೀತು. ಕೆಲಸವೇನೋ ಹತ್ತು ನಿಮಿಷದ್ದು. ಆದರೆ ಹೊಂದಿಸಿಕೊಳ್ಳುವ ಸ್ಪ್ಯಾನರಿನ ದವಡೆ ತುಕ್ಕಿನಿಂದ ಕಚ್ಚಿಕೊಂಡಿದ್ದರೆ, ಇಕ್ಕಳದ ಕೀಲು ಅಲುಗದಿದ್ದರೆ, ಆ ಹತ್ತು ನಿಮಿಷವು ಗಂಟೆಗಳಾಗುತ್ತದೆ. ಅಲೆಗೆ ಅಡ್ಡವಾಗಿ ನಿಂತ ಬೋಟು, ಅದರಲ್ಲೂ ಅಳಿವೆಯ ಬಾಗಿಲಿನಲ್ಲಿ ನಿಂತ ಬೋಟು, ಅಷ್ಟು ಹೊತ್ತು ಕಾಯುವುದಿಲ್ಲ.

ಆದುದರಿಂದ ಹತ್ಯಾರುಗಳ ಪೆಟ್ಟಿಗೆಯನ್ನು ಜೀವರಕ್ಷಕ ಜಾಕೀಟಿನ ಪಂಕ್ತಿಯಲ್ಲಿಯೇ ಎಣಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ತುಕ್ಕು ಕಡಲಿನವರ ಹಣೆಬರಹವೆಂದು ಕೈಚೆಲ್ಲುವುದು ಸರಿಯಲ್ಲ. ಅದನ್ನು ತಡೆಯಲು ಬೇಕಾದ ಜ್ಞಾನವು ಹಳೆಯದು, ವೆಚ್ಚವೂ ಅಲ್ಪ. ಆದರೂ ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ನಡೆಯುತ್ತಿರುವ ಉಪಾಯ, ಎಂದರೆ ಕಡಲಿನಿಂದ ಬಂದ ಹತ್ಯಾರಿಗೆ ಯಂತ್ರದಿಂದ ಇಳಿಸಿದ ಹಳೆಯ ಆಯಿಲನ್ನು ಬಳಿದು ಚೀಲಕ್ಕೆ ತುಂಬುವುದು, ಶತ್ರುವನ್ನೇ ತಪ್ಪಾಗಿ ಗುರುತಿಸಿದ ಉಪಾಯ. ಶತ್ರುವೆಂದು ನಾವು ನೀರನ್ನು ಮಾತ್ರ ಎಣಿಸುತ್ತೇವೆ. ಕಡಲಿನಲ್ಲಿ ನಿಜವಾದ ಶತ್ರು ಉಪ್ಪು. ಈ ಒಂದು ಮಾತನ್ನು ವಾಚಕರಿಗೆ ಮನದಟ್ಟು ಮಾಡಿಸುವುದೇ ಈ ಲೇಖನದ ಉದ್ದೇಶ.

ಮಾಣಿಯಂಥ ಒಳನಾಡಿನಲ್ಲಿರುವ ನಮಗೆ ಕಡಲಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಒಳನಾಡಿನಲ್ಲಿರುವುದರಿಂದಲೇ ಈ ವಿಷಯವು ನಮಗೆ ಸ್ಪಷ್ಟವಾಗಿ ಕಾಣುತ್ತದೆ. ಮಾಣಿಯು ಬಂಟ್ವಾಳ ತಾಲೂಕಿನಲ್ಲಿ, ಮಂಗಳೂರಿನಿಂದ ರಸ್ತೆಯಲ್ಲಿ ಮೂವತ್ತು ಕಿಲೋಮೀಟರಿಗೂ ಹೆಚ್ಚು ಒಳಗಿರುವ ಊರು. ಮಳೆಗೆ ಇಲ್ಲಿಯೂ ಕೊರತೆಯಿಲ್ಲ. ಆಟಿಯ ತಿಂಗಳಿನಲ್ಲಿ ನಮ್ಮಲ್ಲಿಯೂ ಹಪ್ಪಳ ಮೆತ್ತಗಾಗುತ್ತದೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಅಡಕೆ ತೋಟದ ಕತ್ತಿಗೂ ಹಾರೆಗೂ ತುಕ್ಕು ಬರುವುದುಂಟು. ಆದರೆ ಆ ತುಕ್ಕು ಮೇಲ್ಮೈಯ ಕೆಂಪು. ಮಸೆಗಲ್ಲಿಗೆ ನಾಲ್ಕು ಸಲ ಉಜ್ಜಿದರೆ ಹೋಗುತ್ತದೆ. ಮಂಗಳೂರಿನ ದಕ್ಕೆಯಲ್ಲಿ ಕಟ್ಟಿದ ಬೋಟಿನೊಳಗಿನ ಅದೇ ಬಗೆಯ ಕಬ್ಬಿಣವು ಸಿಬಿರೆದ್ದು, ಕುಳಿಬಿದ್ದು, ಪದರಪದರವಾಗಿ ಕಳಚುತ್ತದೆ. ಎರಡೂ ಕಡೆ ಮಳೆಯೂ ಒಂದೇ, ಗಾಳಿಯ ತೇವವೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ವ್ಯತ್ಯಾಸಕ್ಕೆ ಕಾರಣವು ನೀರಾಗಿರಲಾರದು. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ವಸ್ತುವನ್ನು ಹುಡುಕಬೇಕು. ಅದು ಕಡಲ ತುಂತುರಿನೊಡನೆ ಗಾಳಿಯಲ್ಲಿ ಹಾರಿಬರುವ ಉಪ್ಪು. ದಡದಿಂದ ಒಳಕ್ಕೆ ಸಾಗಿದಂತೆ ಈ ಉಪ್ಪು ಬಹು ಬೇಗನೆ ಕಡಿಮೆಯಾಗುತ್ತದೆ. ನಮ್ಮ ಅಡಕೆ ತೋಟಗಳನ್ನು ಮುಟ್ಟುವ ಹೊತ್ತಿಗೆ ಲೆಕ್ಕಕ್ಕಿಲ್ಲದಷ್ಟಾಗಿರುತ್ತದೆ.

ನಮ್ಮ ಹಿರಿಯರಿಗೆ ಕಬ್ಬಿಣಕ್ಕೂ ಕಡಲಿಗೂ ಇರುವ ಈ ವೈರವು ತಿಳಿಯದಿರಲಿಲ್ಲ. ಪಶ್ಚಿಮ ಕರಾವಳಿಯ ಹಳೆಯ ದೋಣಿಗಳಲ್ಲಿ ಹಲಗೆಗಳನ್ನು ಮೊಳೆಯಿಂದ ಜೋಡಿಸುತ್ತಿರಲಿಲ್ಲ. ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. 14ನೆಯ ಶತಮಾನದಲ್ಲಿ ಮಂಗಳೂರನ್ನು ಕಂಡುಹೋದ ಪ್ರವಾಸಿ ಇಬ್ನ್ ಬತೂತನು ಭಾರತದ ಹಡಗುಗಳನ್ನು ಹೀಗೆ ಹೊಲಿಯುವ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಬಂಡೆಗೆ ತಗಲಿದರೆ ಹೊಲಿದ ದೋಣಿ ಬಳುಕುತ್ತದೆ, ಮೊಳೆ ಹೊಡೆದದ್ದು ಒಡೆಯುತ್ತದೆ ಎಂಬುದು ಅವನು ಕೊಡುವ ಕಾರಣ. ನಾರಿಗೆ ತುಕ್ಕಿಲ್ಲವೆಂಬುದು ಅದರೊಡನೆ ಸೇರಿಬಂದ ಇನ್ನೊಂದು ಲಾಭ. ರಂಪಣಿಯ ಕಾಲದವರೆಗೂ ಹೊಲಿದ ದೋಣಿಗಳು ನಮ್ಮ ಕಡಲತೀರದಲ್ಲಿದ್ದುವು. 1950ರ ದಶಕದ ಕೊನೆಯಿಂದ ಯಂತ್ರದ ಬೋಟುಗಳು ಬಂದುವು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಗಳು ಬಂದು ರಂಪಣಿಯನ್ನು ಹಿಂದಕ್ಕೆ ತಳ್ಳಿದುವು. ಯಂತ್ರದೊಡನೆ ಕಬ್ಬಿಣವು ದೋಣಿಯನ್ನು ಹತ್ತಿತು, ಕಬ್ಬಿಣದೊಡನೆ ಅದನ್ನು ಬಿಗಿಯುವ ಸಡಿಲಿಸುವ ಹತ್ಯಾರುಗಳೂ ಹತ್ತಿದುವು. ಆದರೆ ಅವನ್ನು ಕಾಯುವ ಶಿಸ್ತು ಮಾತ್ರ ಜೊತೆಯಲ್ಲಿ ಬರಲಿಲ್ಲ.

ತುಕ್ಕು ಹೇಗೆ ಹಿಡಿಯುತ್ತದೆಂಬುದನ್ನು ಸ್ವಲ್ಪ ವಿಚಾರಿಸೋಣ. ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಕೂಡಿದಲ್ಲದೆ ತುಕ್ಕು ಹುಟ್ಟದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದು ಕೇವಲ ರಾಸಾಯನಿಕ ಸಂಯೋಗವಲ್ಲ, ಒಂದು ಸಣ್ಣ ವಿದ್ಯುತ್ಕೋಶದ ಕೆಲಸವೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕೇಂಬ್ರಿಜಿನ ಯು. ಆರ್. ಇವಾನ್ಸ್ ಎಂಬ ವಿಜ್ಞಾನಿಯು 1920ರ ದಶಕದಲ್ಲಿ ಇದನ್ನು ಒಂದು ಹನಿ ಉಪ್ಪುನೀರಿನಿಂದ ತೋರಿಸಿಕೊಟ್ಟನು. ಆ ಪ್ರಯೋಗವನ್ನು ಯಾವ ಕಾಲೇಜಿನಲ್ಲಾದರೂ ಮಾಡಬಹುದು. ಚೆನ್ನಾಗಿ ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ದೊಡ್ಡ ಹನಿಯೊಂದನ್ನು ಇಟ್ಟು, ಅದರಲ್ಲಿ ಮೊದಲೇ ಸ್ವಲ್ಪ ಪೊಟ್ಯಾಸಿಯಂ ಫೆರಿಸಯನೈಡನ್ನೂ ಫಿನಾಲ್‌ಥಲೀನನ್ನೂ ಬೆರೆಸಿರಬೇಕು. ಕೆಲವು ನಿಮಿಷಗಳಲ್ಲಿ ಹನಿಯ ನಡುಭಾಗವು ನೀಲಿಯಾಗುವುದು, ಅಂಚು ಗುಲಾಬಿಯಾಗುವುದು. ನಡುವೆ ಕಬ್ಬಿಣವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತಿದೆಯೆಂದು ನೀಲಿ ಹೇಳುತ್ತದೆ. ಗಾಳಿಯು ಸುಲಭವಾಗಿ ಸಿಗುವ ಅಂಚಿನಲ್ಲಿ ಆಮ್ಲಜನಕವು ಆ ಎಲೆಕ್ಟ್ರಾನುಗಳನ್ನು ಸ್ವೀಕರಿಸಿ ಕ್ಷಾರವಾಗುತ್ತಿದೆಯೆಂದು ಗುಲಾಬಿ ಹೇಳುತ್ತದೆ. ಎರಡೂ ಕೂಡುವ ಗಡಿಯಲ್ಲಿ ಕಂದು ಬಣ್ಣದ ಬಳೆಯಾಗಿ ತುಕ್ಕು ಕಟ್ಟುತ್ತದೆ.

ಈ ಹನಿಯಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದು, ಗಾಳಿ ಕಡಿಮೆ ಇರುವ ಎಡೆಯಲ್ಲಿಯೇ ಕಬ್ಬಿಣವು ಸವೆಯುತ್ತದೆ. ಇಕ್ಕಳದ ಕೀಲು, ಸ್ಪ್ಯಾನರಿನ ತಿರುಪು, ನಟ್ಟಿನ ಒಳಸುತ್ತು ಇವು ಮೊದಲು ಹಾಳಾಗುವುದಕ್ಕೆ ಕಾರಣವಿದೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದ ಸ್ಥಳವನ್ನು ಆಕ್ರಮಿಸುವುದರಿಂದ, ಇಕ್ಕಟ್ಟಿನಲ್ಲಿ ಹುಟ್ಟಿದ ತುಕ್ಕು ಬೆಣೆಯಂತೆ ಬಿಗಿದು ಕೀಲನ್ನು ಹಿಡಿದುಬಿಡುತ್ತದೆ. ಎರಡನೆಯದು, ಉಪ್ಪಿನ ಪಾತ್ರ. ಶುದ್ಧ ನೀರಿನಲ್ಲಿ ವಿದ್ಯುತ್ತು ಕಷ್ಟದಿಂದ ಹರಿಯುತ್ತದೆ. ಉಪ್ಪುನೀರಿನಲ್ಲಿ ಸರಾಗವಾಗಿ ಹರಿಯುತ್ತದೆ. ಅಷ್ಟೇ ಅಲ್ಲ, ಕಬ್ಬಿಣವನ್ನು ಸ್ವಲ್ಪಮಟ್ಟಿಗಾದರೂ ರಕ್ಷಿಸುವ ತೆಳುಪದರವನ್ನು ಉಪ್ಪಿನ ಕ್ಲೋರೈಡು ಭೇದಿಸುತ್ತದೆ.

ಆದರೆ ಉಪ್ಪಿನ ಅತ್ಯಂತ ದೊಡ್ಡ ಅಪರಾಧವು ಇನ್ನೊಂದಿದೆ. ಅದನ್ನು ನೋಡಲು ಅಡಿಗೆಮನೆಗೆ ಹೋಗಬೇಕು. ಮಳೆಗಾಲದಲ್ಲಿ ಮರಿಗೆಯೊಳಗಿನ ಕಲ್ಲುಪ್ಪು ಒಂದು ಹನಿ ನೀರೂ ಬೀಳದೆ ತಾನಾಗಿ ಒಸರಿ ನೀರಾಗುವುದನ್ನು ನಮ್ಮ ಮನೆಗಳಲ್ಲಿ ಕಾಣದವರಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆಯು ನೂರಕ್ಕೆ 75ನ್ನು ದಾಟಿತೆಂದರೆ ಶುದ್ಧ ಸೋಡಿಯಂ ಕ್ಲೋರೈಡು ಗಾಳಿಯಿಂದ ನೀರನ್ನು ಹೀರಿ ಕರಗತೊಡಗುತ್ತದೆ. ಕಡಲಿನ ಉಪ್ಪಿನಲ್ಲಿ ಇದರ ಜೊತೆಗೆ ಮೆಗ್ನೀಸಿಯಂ ಕ್ಲೋರೈಡೂ ಇರುತ್ತದೆ. ಇದಕ್ಕೆ ನೂರಕ್ಕೆ 33ರಷ್ಟು ಆರ್ದ್ರತೆಯೇ ಸಾಕು. ಮಂಗಳೂರಿನ ವರ್ಷದ ಸರಾಸರಿ ಆರ್ದ್ರತೆಯು ನೂರಕ್ಕೆ 75ರ ಸುಮಾರು. ಜುಲೈ ತಿಂಗಳಲ್ಲಿ 90ರ ಹತ್ತಿರ. 33ಕ್ಕಿಂತ ಕೆಳಗಿಳಿಯುವ ಗಳಿಗೆಗಳು ಅಲ್ಲಿ ತೀರ ವಿರಳ. ಇದರ ಅರ್ಥವೇನು? ಒಮ್ಮೆ ಕಡಲ ನೀರು ತಗಲಿದ ಸ್ಪ್ಯಾನರು ಕಣ್ಣಿಗೆ ಒಣಗಿದಂತೆ ಕಂಡರೂ ನಮ್ಮ ಕರಾವಳಿಯಲ್ಲಿ ನಿಜವಾಗಿ ಒಣಗುವುದೇ ಇಲ್ಲ. ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಉಪ್ಪುನೀರಿನ ಪೊರೆಯು ಹಗಲಿರುಳೂ ಇರುತ್ತದೆ. ಬೇರೆ ನೀರು ಬೇಕಾಗಿಲ್ಲ. ಗಾಳಿಯಿಂದ ನೀರನ್ನು ಉಪ್ಪೇ ತರಿಸಿಕೊಳ್ಳುತ್ತದೆ.

ಇಂಗ್ಲೆಂಡಿನ ಡಬ್ಲ್ಯು. ಎಚ್. ಜೆ. ವರ್ನನ್ ಎಂಬಾತನು 1920-30ರ ದಶಕಗಳಲ್ಲಿ ನಡೆಸಿದ ಪ್ರಯೋಗಗಳಿಂದ, ಶುಭ್ರವಾದ ಕಬ್ಬಿಣಕ್ಕೆ ಆರ್ದ್ರತೆಯು ಒಂದು ಮಿತಿಯನ್ನು ಮೀರುವವರೆಗೆ ತುಕ್ಕು ಹೆಚ್ಚಾಗಿ ಹಿಡಿಯದೆಂದೂ, ಮೀರಿದೊಡನೆ ವೇಗವಾಗಿ ಹಿಡಿಯುವುದೆಂದೂ ಗೊತ್ತಾಯಿತು. ಆ ಮಿತಿಯು ನೂರಕ್ಕೆ 60ರ ಆಸುಪಾಸಿನಲ್ಲಿದೆ. ಮೈಮೇಲೆ ಉಪ್ಪು ಕುಳಿತಿದ್ದರೆ ಈ ಮಿತಿಯು ಬಹಳ ಕೆಳಕ್ಕೆ ಇಳಿದುಬಿಡುತ್ತದೆ. ಆದುದರಿಂದ ಹತ್ಯಾರುಗಳ ರಕ್ಷಣೆಯಲ್ಲಿ ಎರಡು ಕೆಲಸಗಳಿವೆ: ಮೊದಲು ಉಪ್ಪನ್ನು ತೆಗೆಯುವುದು, ಆಮೇಲೆ ಗಾಳಿಯನ್ನು ಒಣಗಿಸುವುದು. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಪ್ರಯೋಜನವಿಲ್ಲ.

ಈಗ ಹಳೆಯ ಆಯಿಲಿನ ವಿಷಯಕ್ಕೆ ಬರೋಣ. ಉಪ್ಪು ಕುಳಿತ ಕಬ್ಬಿಣಕ್ಕೆ ಆಯಿಲು ಬಳಿದರೆ ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಆಯಿಲಿನ ಕೆಳಗೆ ಭದ್ರವಾಗಿ ಉಳಿಯುತ್ತದೆ. ಎಣ್ಣೆಯ ತೆಳುಪದರವು ನೀರಾವಿಯನ್ನೂ ಆಮ್ಲಜನಕವನ್ನೂ ಪೂರ್ಣವಾಗಿ ತಡೆಯಲಾರದು. ಅವು ನಿಧಾನವಾಗಿ ಒಳಗೆ ಇಳಿಯುತ್ತವೆ. ಮೇಲೆ ಹೊಳಪು, ಕೆಳಗೆ ಕುಳಿ. ಅಲ್ಲದೆ ಯಂತ್ರದಲ್ಲಿ ಬೆಂದು ಬಂದ ಆಯಿಲಿನಲ್ಲಿ ಇಂಧನವು ಉರಿಯುವಾಗ ಹುಟ್ಟಿದ ಆಮ್ಲಾಂಶವೂ ಮಸಿಯೂ ಕೆಲವೊಮ್ಮೆ ನೀರೂ ಇರುತ್ತವೆ. ತೆಂಗಿನೆಣ್ಣೆಯು ನಮ್ಮ ಮನೆಯದೇ ಆದರೂ ದಿನ ಕಳೆದಂತೆ ಕಮಟುವಾಸನೆ ಬಂದು ಅಂಟಾಗುತ್ತದೆ. ಅದರಲ್ಲಿ ಹುಟ್ಟುವ ಆಮ್ಲವು ಹಿತ್ತಾಳೆಯನ್ನು ಹಸಿರುಗಟ್ಟಿಸುತ್ತದೆ. ಪೇಟೆಯಲ್ಲಿ ಸಿಗುವ ಡಬ್ಲ್ಯುಡಿ-40ರಂಥ ಸಿಂಪಡಿಕೆಗಳು ನೀರನ್ನು ತಳ್ಳುವುದಕ್ಕಾಗಿಯೇ ಹುಟ್ಟಿದವು. 1953ರಲ್ಲಿ ಅಮೆರಿಕದಲ್ಲಿ ತಯಾರಾದ ಅದರ ಹೆಸರಿನ ಅಕ್ಷರಗಳೇ ಈ ಕೆಲಸವನ್ನು ಹೇಳುತ್ತವೆ. ಕೀಲಿನೊಳಗಿನ ನೀರನ್ನು ಹೊರಡಿಸಲು ಅವು ಒಳ್ಳೆಯವು. ಆದರೆ ಅವು ಬಿಟ್ಟುಹೋಗುವ ಪದರವು ತೀರ ತೆಳು. ಅದನ್ನು ನಂಬಿ ತಿಂಗಳುಗಟ್ಟಲೆ ಕೂಡಿಡಲಾಗದು.

ಹೊಳೆಯುವ ಹೊಸ ಹತ್ಯಾರನ್ನು ಕೊಂಡರೆ ಈ ತೊಂದರೆಯೇ ಇಲ್ಲವೆಂದು ನಂಬುವವರೂ ಇದ್ದಾರೆ. ಸ್ಪ್ಯಾನರಿನ ಮೇಲೆ ಕ್ರೋಮ್ ವೆನೇಡಿಯಂ ಎಂದು ಕೆತ್ತಿರುವುದನ್ನು ಕಂಡು ಅದು ತುಕ್ಕು ಹಿಡಿಯದ ಉಕ್ಕೆಂದು ಭಾವಿಸುತ್ತಾರೆ. ಸ್ಟೈನ್‌ಲೆಸ್ ಎನ್ನಿಸಿಕೊಳ್ಳಲು ಉಕ್ಕಿನಲ್ಲಿ ನೂರಕ್ಕೆ ಹತ್ತೂವರೆಯಷ್ಟಾದರೂ ಕ್ರೋಮಿಯಂ ಇರಬೇಕು. ಸ್ಪ್ಯಾನರಿನ ಉಕ್ಕಿನಲ್ಲಿರುವುದು ನೂರಕ್ಕೆ ಒಂದರ ಸುಮಾರು. ಅದು ಗಟ್ಟಿತನಕ್ಕಾಗಿಯೇ ಹೊರತು ತುಕ್ಕಿನ ತಡೆಗಲ್ಲ. ಹೊಳಪು ಮೇಲಿನ ಲೇಪದ್ದು. ಆ ಲೇಪದಲ್ಲಿ ಒಂದು ಗೀರು ಬಿದ್ದರೆ ಸಾಕು. ವಿದ್ಯುತ್ಕೋಶದ ನ್ಯಾಯದಂತೆ ಲೇಪವು ಕ್ಷೇಮವಾಗಿ ಉಳಿದು, ಗೀರಿನ ಕೆಳಗಿನ ಕಬ್ಬಿಣವೇ ಎಲ್ಲಾ ನಷ್ಟವನ್ನು ಹೊರಬೇಕಾಗುತ್ತದೆ. ಸತುವಿನ ಲೇಪದ ಧರ್ಮವು ಇದಕ್ಕೆ ವಿರುದ್ಧ. ಗೀರು ಬಿದ್ದಲ್ಲಿ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ನಿಜವಾದ ಸ್ಟೈನ್‌ಲೆಸ್ ಉಕ್ಕಿಗೂ ಕಡಲಿನ ಕ್ಲೋರೈಡು ಸೂಜಿಮೊನೆಯಂಥ ಕುಳಿಗಳನ್ನು ತೋಡಬಲ್ಲುದು.

ಸತುವಿನ ಮಾತು ಬಂದುದರಿಂದ ಇನ್ನೊಂದು ಸಂದೇಹವನ್ನು ಪರಿಹರಿಸಬೇಕು. ಉಕ್ಕಿನ ಬೋಟಿನ ತಳಕ್ಕೆ ಸತುವಿನ ಗಟ್ಟಿಗಳನ್ನು ಬಿಗಿಯುವ ಪದ್ಧತಿಯುಂಟು. ಇದರ ಮೂಲವು 1824ರಲ್ಲಿ ಹಂಫ್ರಿ ಡೇವಿಯು ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಯನ್ನು ರಕ್ಷಿಸಲು ಹೂಡಿದ ಉಪಾಯದಲ್ಲಿದೆ. ಹಾಗಾದರೆ ಹತ್ಯಾರುಗಳ ಚೀಲದಲ್ಲಿಯೂ ಒಂದು ಸತುವಿನ ತುಂಡನ್ನು ಹಾಕಿಟ್ಟರೆ ಸಾಲದೇ? ಸಾಲದು. ಸತುವು ಕಾಯುವುದು ತನ್ನನ್ನು ಮುಟ್ಟಿರುವ, ಮತ್ತು ತನ್ನೊಡನೆ ಒಂದೇ ನೀರಿನಲ್ಲಿ ಮುಳುಗಿರುವ ಲೋಹವನ್ನು ಮಾತ್ರ. ಬೋಟಿನ ತಳಕ್ಕೆ ಕಡಲೇ ಆ ನೀರು. ಚೀಲದಲ್ಲಿರುವುದು ಅಲ್ಲಲ್ಲಿ ಹರಿದ ತೇವದ ಪೊರೆ. ಇದಕ್ಕೆ ಬದಲಾಗಿ ಹಿತ್ತಾಳೆಯ ಸಾಮಾನುಗಳನ್ನು ಉಕ್ಕಿನ ಹತ್ಯಾರುಗಳಿಗೆ ತಾಗುವಂತೆ ಒಂದೇ ತೇವದ ಚೀಲದಲ್ಲಿ ಇಡದಿರುವುದು ಮೇಲು. ಅಲ್ಲಿ ಸವೆಯುವ ಸರದಿ ಉಕ್ಕಿನದಾಗುತ್ತದೆ.

ಇನ್ನು ಪೆಟ್ಟಿಗೆಯೊಳಗಿನ ಗಾಳಿ. ಇದನ್ನು ಲೆಕ್ಕದಿಂದ ನೋಡುವುದು ಒಳ್ಳೆಯದು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿಯು ಹೆಚ್ಚೆಂದರೆ ಸುಮಾರು 30 ಗ್ರಾಮು ನೀರಾವಿಯನ್ನು ಹೊರಬಲ್ಲುದು. ಆರ್ದ್ರತೆಯು ನೂರಕ್ಕೆ 80 ಆಗಿರುವಾಗ 50 ಲೀಟರು ಹಿಡಿಯುವ ಪೆಟ್ಟಿಗೆಯ ಗಾಳಿಯಲ್ಲಿ ಇರುವ ನೀರು ಹೆಚ್ಚುಕಡಿಮೆ 1.2 ಗ್ರಾಮು, ಎಂದರೆ ಕಾಲು ಚಮಚದಷ್ಟು. ಮುಚ್ಚಳವು ಭದ್ರವಾಗಿದ್ದರೆ ಒಣಗಿಸಬೇಕಾದ ನೀರು ಇಷ್ಟೇ. ಅದೇ ಪೆಟ್ಟಿಗೆಯೊಳಗೆ ಕೈ ಒರೆಸಿದ ಒದ್ದೆ ಬಟ್ಟೆಯೊಂದನ್ನು ಎಸೆದರೆ 50 ಗ್ರಾಮು ನೀರನ್ನು ನಾವೇ ಒಳಗೆ ಇಟ್ಟಂತಾಯಿತು. ಗಾಳಿಯಲ್ಲಿದ್ದುದಕ್ಕಿಂತ ನಲ್ವತ್ತು ಪಟ್ಟು ಹೆಚ್ಚು. ಗೋಣಿಚೀಲವಂತೂ ಇದಕ್ಕಿಂತ ಕಷ್ಟ. ಒಮ್ಮೆ ಕಡಲ ನೀರು ಕುಡಿದ ಗೋಣಿಯು ಉಪ್ಪನ್ನೂ ನೀರನ್ನೂ ಕೂಡಿಟ್ಟ ಉಗ್ರಾಣವೇ ಸರಿ.

ಗಾಳಿಯನ್ನು ಒಣಗಿಸಲು ನಮ್ಮ ಹಳೆಯ ಮನೆಗಳಲ್ಲಿ ಒಂದು ಸೊಗಸಾದ ವ್ಯವಸ್ಥೆಯಿತ್ತು. ಒಲೆಯ ಮೇಲಣ ಅಟ್ಟದಲ್ಲಿ ಬೀಜದ ಕಾಳನ್ನೂ ಹಪ್ಪಳವನ್ನೂ ಮಳೆಗಾಲಕ್ಕೆ ಕೂಡಿಡುತ್ತಿದ್ದರು. 30 ಡಿಗ್ರಿಯಲ್ಲಿ ನೂರಕ್ಕೆ 90ರಷ್ಟು ಆರ್ದ್ರವಾಗಿರುವ ಗಾಳಿಯನ್ನು 38 ಡಿಗ್ರಿಗೆ ಬೆಚ್ಚಗೆ ಮಾಡಿದರೆ, ಒಂದು ಹನಿ ನೀರನ್ನೂ ತೆಗೆಯದೆ ಅದರ ಆರ್ದ್ರತೆಯು 60ರ ಸಮೀಪಕ್ಕೆ ಇಳಿಯುತ್ತದೆ. ಅಟ್ಟದ ರಹಸ್ಯವಿದೇ. ಬೋಟಿನ ಯಂತ್ರದ ಕೋಣೆಯೂ ಯಂತ್ರವು ಓಡುತ್ತಿರುವಷ್ಟು ಹೊತ್ತು ಇಂಥ ಅಟ್ಟವೇ. ಆದರೆ ಯಂತ್ರವು ನಿಂತು ರಾತ್ರಿಯಲ್ಲಿ ತಣಿದಾಗ ಕಥೆ ತಿರುವುಮುರುವಾಗುತ್ತದೆ. ತಣ್ಣಗಾದ ಕಬ್ಬಿಣದ ಮೇಲೆ ಗಾಳಿಯ ನೀರು ಇಬ್ಬನಿಯಾಗಿ ಕೂರುತ್ತದೆ. ಆದುದರಿಂದ ಬೋಟಿನಲ್ಲಿ ಬಿಸಿಯನ್ನು ನೆಚ್ಚಿಕೊಳ್ಳುವುದಕ್ಕಿಂತ ನೀರನ್ನು ಹೀರುವ ವಸ್ತುವನ್ನು ಇಡುವುದು ಲೇಸು. ಸಿಲಿಕಾ ಜೆಲ್ ಎಂಬ ಹರಳುಗಳು ನೂರಕ್ಕೆ 40ರ ಆರ್ದ್ರತೆಯಲ್ಲಿಯೂ ತಮ್ಮ ತೂಕದ ಐದನೆಯ ಒಂದು ಪಾಲಿನಷ್ಟು ನೀರನ್ನು ಹಿಡಿಯಬಲ್ಲುವು. 100 ಗ್ರಾಮು ಹರಳು 20 ಗ್ರಾಮು ನೀರಿಗೆ ಸಾಕು. ನಮ್ಮ ಪೆಟ್ಟಿಗೆಯ ಗಾಳಿಯಲ್ಲಿದ್ದುದು ಎರಡು ಗ್ರಾಮು ಕೂಡ ಅಲ್ಲ. ತೇವ ತುಂಬಿದ ಹರಳುಗಳನ್ನು ಅಡಿಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತವೆ. ನೀಲಿ ಬಣ್ಣದ ಹರಳುಗಳಲ್ಲಿ ಹಾನಿಕರವಾದ ಕೋಬಾಲ್ಟ್ ಕ್ಲೋರೈಡು ಇರುವುದರಿಂದ ಅವನ್ನು ಬಿಟ್ಟು ಬಣ್ಣವಿಲ್ಲದವನ್ನೇ ಆರಿಸಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳುವುದು ಅವಶ್ಯ. ಬಟ್ಟೆಯ ಕಪಾಟಿನಲ್ಲಿಡಲು ಅಂಗಡಿಗಳಲ್ಲಿ ಮಾರುವ ತೇವ ಹೀರುವ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಕ್ಯಾಲ್ಸಿಯಂ ಕ್ಲೋರೈಡು. ಅದು ನೀರನ್ನು ಹೀರಿ ತಾನೇ ದ್ರವವಾಗುತ್ತದೆ. ಕಪಾಟಿನಲ್ಲಿ ಇದು ಬಾಧಕವಲ್ಲ. ಆದರೆ ಓಲಾಡುವ ಬೋಟಿನಲ್ಲಿ ಆ ಡಬ್ಬಿಯು ಮಗುಚಿದರೆ, ಯಾವ ಕ್ಲೋರೈಡನ್ನು ದೂರವಿಡಲು ಇಷ್ಟೆಲ್ಲಾ ಶ್ರಮಪಟ್ಟೆವೋ ಅದನ್ನೇ ಹತ್ಯಾರುಗಳ ಮೇಲೆ ಸುರಿದಂತಾಗುವುದು.

ಹಾಗಾದರೆ ಮಾಡಬೇಕಾದುದೇನು? ಬೋಟು ದಕ್ಕೆಗೆ ಬಂದೊಡನೆ ಹತ್ಯಾರುಗಳನ್ನು ಒಂದು ಬಾಲ್ದಿ ಸಿಹಿನೀರಿನಲ್ಲಿ ತೊಳೆದು, ಇನ್ನೊಂದು ಬಾಲ್ದಿಯ ಶುದ್ಧ ನೀರಿನಲ್ಲಿ ಜಾಲಾಡಬೇಕು. ತೊಳೆಯುವಾಗ ಕೀಲುಗಳನ್ನು ತೆರೆದುಮುಚ್ಚಬೇಕು. ಆಮೇಲೆ ಒಣಬಟ್ಟೆಯಿಂದ ಒರೆಸಿ, ಬಿಸಿಲಿನಲ್ಲಿಯೋ ಇನ್ನೂ ಬೆಚ್ಚಗಿರುವ ಯಂತ್ರದ ಪಕ್ಕದಲ್ಲಿಯೋ ಅರ್ಧ ಗಂಟೆ ಇಡಬೇಕು. ಬಳಿಕ ಹೊಸ ಆಯಿಲನ್ನು ಬಟ್ಟೆಗೆ ತಾಗಿಸಿ ತೆಳ್ಳಗೆ ಒರೆಸಿದರೆ ಸಾಕು. ದಪ್ಪವಾಗಿ ಬಳಿದರೆ ಒದ್ದೆಯಾದ ಅಟ್ಟಣಿಗೆಯ ಮೇಲೆ ಹತ್ಯಾರು ಕೈಯಿಂದ ಜಾರುವುದು. ಅದೂ ಒಂದು ಅಪಾಯವೇ. ಕೊನೆಗೆ ರಬ್ಬರಿನ ಅಂಚಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ಲಿನೊಡನೆ ಮುಚ್ಚಿಡಬೇಕು. ಒದ್ದೆ ಬಟ್ಟೆಗೆ ಆ ಪೆಟ್ಟಿಗೆಯಲ್ಲಿ ಪ್ರವೇಶವಿರಬಾರದು.

ಇದರೊಡನೆ ಎರಡನೆಯ ಕಟ್ಟೊಂದನ್ನು ಇಡುವುದು ಬುದ್ಧಿವಂತಿಕೆ. ನಿತ್ಯವೂ ಕೈಗೆ ಬರುವ ಸುತ್ತಿಗೆಗೆ ತುಕ್ಕು ಹಿಡಿದರೂ ಅದು ಕೆಲಸಕ್ಕೆ ಬರುತ್ತದೆ, ಉಪಯೋಗವೇ ಅದನ್ನು ಉಜ್ಜುತ್ತಿರುತ್ತದೆ. ಕೈಕೊಡುವುದು ಆರು ತಿಂಗಳಿಗೊಮ್ಮೆ ಬೇಕಾಗುವ ಹತ್ಯಾರು. ಆಪತ್ತಿಗೆ ಬೇಕಾದ ನಾಲ್ಕೈದನ್ನು ಆರಿಸಿ, ತುಕ್ಕು ತಡೆಯುವ ಆವಿಯನ್ನು ಹೊರಸೂಸುವ ಕಾಗದವೆಂದು ಪೇಟೆಯಲ್ಲಿ ಸಿಗುವುದರಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಆಪತ್ತಿನ ಹೊರತು ಬಿಚ್ಚಬಾರದೆಂದು ಕಟ್ಟು ಮಾಡಿ ಇಡಬೇಕು. ನಾಡದೋಣಿಯವರಿಗೆ ಇಷ್ಟೂ ಬೇಡ. ಪ್ಲಗ್ಗಿನ ಸ್ಪ್ಯಾನರೊಂದು, ಇಕ್ಕಳವೊಂದು, ತಿರುಪುಳಿಯೊಂದು ಸಾಕು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. ಹತ್ತು ದಿನ ಕಡಲಿನಲ್ಲಿ ದುಡಿದು ಬಂದ ಕಲಾಸಿಗಳಿಗೆ ಮೀನು ಇಳಿಸುವುದೇ ಸಾಕುಬೇಕಾಗಿರುತ್ತದೆ. ಸ್ಪ್ಯಾನರು ತೊಳೆಯುತ್ತ ಕೂರಲು ಅವರಿಗೆ ಬಿಡುವೆಲ್ಲಿ? ಕಡಲಿನಲ್ಲಿ ಸಿಹಿನೀರು ಕುಡಿಯುವುದಕ್ಕೇ ಅಳತೆಯದು. ಹತ್ಯಾರಿಗೆ ಎಲ್ಲಿಂದ ತರುವುದು? ಒಂದು ಸ್ಪ್ಯಾನರಿನ ಬೆಲೆ ಎಷ್ಟು ಮಹಾ? ಹಾಳಾದರೆ ಇನ್ನೊಂದು ಬರುತ್ತದೆ. ಈ ಮೂರೂ ನ್ಯಾಯವಾದ ಮಾತುಗಳೇ. ಮೊದಲನೆಯದಕ್ಕೆ ಉತ್ತರವೇನೆಂದರೆ, ಈ ಕೆಲಸವನ್ನು ದಣಿದವರ ಒಳ್ಳೆಯತನಕ್ಕೆ ಬಿಡಬಾರದು. ಬೋಟಿನ ಮಾಲಕರು ಇದನ್ನು ಒಬ್ಬನ ನಿಶ್ಚಿತ ಕೆಲಸವೆಂದು ಗೊತ್ತುಮಾಡಿ ಅದಕ್ಕೆ ತಕ್ಕ ಕೂಲಿಯನ್ನು ಕೊಡಬೇಕು. ತಂಡೇಲರು ಹೊರಡುವ ಮುನ್ನ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಬೇಕು. ಎರಡನೆಯದಕ್ಕೆ, ಕಡಲಿನಲ್ಲಿರುವಾಗ ಬಳಸಿದ ಒಂದೆರಡು ಹತ್ಯಾರನ್ನು ಒಂದು ಲೋಟ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೂ ಉಪ್ಪಿನ ಬಹುಭಾಗ ಹೋಗುತ್ತದೆ. ಪೂರ್ಣ ತೊಳೆಯುವಿಕೆ ದಕ್ಕೆಯಲ್ಲಾಗಲಿ. ಮೂರನೆಯದಕ್ಕೆ, ಇಲ್ಲಿ ಲೆಕ್ಕ ಹಾಕಬೇಕಾದುದು ಸ್ಪ್ಯಾನರಿನ ಬೆಲೆಯನ್ನಲ್ಲ. ಅಂಗಡಿಯು ದಡದಲ್ಲಿದೆ; ಸ್ಪ್ಯಾನರು ಬೇಕಾಗುವುದು ಕಡಲಿನಲ್ಲಿ.

ವರ್ಷದಲ್ಲಿ ಒಂದು ಕಾಲವಂತೂ ವಿಶೇಷ ಗಮನಕ್ಕೆ ಅರ್ಹವಾದುದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳಿಗೆ ಮೀನುಗಾರಿಕೆ ನಿಷಿದ್ಧ. ಮಂಗಳೂರಿನಲ್ಲಿಯೂ ಮಲ್ಪೆಯಲ್ಲಿಯೂ ಬೋಟುಗಳು ಸಾಲಾಗಿ ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಬಲೆಯನ್ನು ದಡಕ್ಕೆ ಒಯ್ದು ಹೆಣೆಯುತ್ತಾರೆ, ಯಂತ್ರವನ್ನು ಬಿಚ್ಚಿ ಸರಿಪಡಿಸುತ್ತಾರೆ. ಹತ್ಯಾರುಗಳು ಬೋಟಿನೊಳಗೇ ಉಳಿದರೆ, ಆರ್ದ್ರತೆಯು ಪರಮಾವಧಿಗೇರುವ ಎರಡು ತಿಂಗಳು ಅವುಗಳ ಮೇಲಿನ ಉಪ್ಪಿಗೆ ಒಂದು ಕ್ಷಣವೂ ಬಿಡುವಿಲ್ಲ. ಆಗಸ್ಟ್ ತಿಂಗಳಿನಲ್ಲಿ, ಕಡಲು ಇನ್ನೂ ಪೂರ್ಣ ತಣಿಯದಿರುವಾಗ, ಆ ಹತ್ಯಾರುಗಳನ್ನೇ ನಂಬಿ ಬೋಟು ಹೊರಡುತ್ತದೆ. ಮೇ ತಿಂಗಳ ಕೊನೆಯ ದಿನ ಪೆಟ್ಟಿಗೆಯನ್ನು ತೊಳೆದು ಒಣಗಿಸಿ ಮನೆಗೆ ಒಯ್ಯುವ ಒಂದು ರೂಢಿಯನ್ನು ಮಾತ್ರ ಬೆಳೆಸಿದರೂ ಅರ್ಧ ಕೆಲಸವಾದಂತೆಯೇ.

ಉಳಿದರ್ಧವು ಸಂಸ್ಥೆಗಳದು. ಮೀನುಗಾರಿಕೆಯ ಬೋಟುಗಳ ನೋಂದಣಿಯೂ ಪರವಾನಿಗೆಯೂ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಅಧಿನಿಯಮದಂತೆ ನಡೆಯುತ್ತವೆ. ಜೀವರಕ್ಷಕ ಜಾಕೀಟು ಇದೆಯೇ ಎಂದು ವಿಚಾರಿಸುವ ಅಧಿಕಾರಿಯು ಹತ್ಯಾರುಗಳ ಪೆಟ್ಟಿಗೆಯನ್ನೂ ತೆರೆಸಿ, ಇಕ್ಕಳವು ಬಾಯಿ ಬಿಡುತ್ತದೆಯೇ ಎಂದು ನೋಡಿದರೆ ಎರಡು ನಿಮಿಷ ಹಿಡಿಯಬಹುದು. ಬೋಟು ಮಾಲಕರ ಸಂಘಗಳು ದಕ್ಕೆಯಲ್ಲಿ ಹತ್ಯಾರು ತೊಳೆಯುವುದಕ್ಕೆಂದು ಒಂದು ಸಿಹಿನೀರಿನ ನಲ್ಲಿಯನ್ನೂ ಒಂದು ಕಟ್ಟೆಯನ್ನೂ ಮಾಡಿಸಬಹುದು. ಲೋಹಗಳ ಸವೆತವನ್ನು ಅಭ್ಯಸಿಸಲೆಂದು ಕಾರೈಕುಡಿಯ ಕೇಂದ್ರ ವಿದ್ಯುತ್ ರಸಾಯನ ಸಂಶೋಧನಾಲಯವು 1953ರಿಂದ ಕೆಲಸ ಮಾಡುತ್ತಿದೆ. ದೋಣಿ ಬಲೆಗಳ ತಂತ್ರವನ್ನು ಅಭ್ಯಸಿಸಲು ಕೊಚ್ಚಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯಿದೆ. ನಮ್ಮ ಮಂಗಳೂರಿನಲ್ಲಿಯೇ 1969ರಿಂದ ಮೀನುಗಾರಿಕಾ ಕಾಲೇಜಿದೆ. ಜ್ಞಾನಕ್ಕೆ ದಾರಿದ್ರ್ಯವಿಲ್ಲ. ಆ ಜ್ಞಾನವು ದಕ್ಕೆಯ ಮೆಟ್ಟಿಲು ಇಳಿದು ಬೋಟಿನೊಳಗೆ ಕಾಲಿಡಬೇಕು, ಅಷ್ಟೇ.

ಅಧ್ಯಾಪಕರಾದ ನಾವೂ ಇದರಲ್ಲಿ ಸುಮ್ಮನಿರುವಂತಿಲ್ಲ. ಕಾಲೇಜುಗಳಲ್ಲಿ ತುಕ್ಕಿನ ಸಮೀಕರಣವನ್ನು ಕರಿಹಲಗೆಯ ಮೇಲೆ ಬರೆಯಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಕರಾವಳಿಯ ವಿದ್ಯಾರ್ಥಿಯು ಆರ್ದ್ರತೆಯ ಪಾಠವನ್ನು ಓದಿಯೂ ತನ್ನ ತಂದೆಯ ಬೋಟಿನ ಪೆಟ್ಟಿಗೆಗೂ ಅದಕ್ಕೂ ಸಂಬಂಧವಿದೆಯೆಂದು ಅರಿಯದೆ ಹೋದರೆ ಆ ಪಾಠವು ಪರೀಕ್ಷೆಯೊಡನೆ ಮುಗಿದುಹೋಗುತ್ತದೆ. ಕಲಿಸುವುದಕ್ಕೆ ದೊಡ್ಡ ಸಲಕರಣೆಗಳು ಬೇಕಾಗಿಲ್ಲ. ಒಂದೇ ಅಳತೆಯ, ಒಂದೇ ತಗಡಿನಿಂದ ಕತ್ತರಿಸಿದ ಕಬ್ಬಿಣದ ತುಂಡುಗಳನ್ನು ಉಜ್ಜಿ ತೂಗಿ, ಕೆಲವನ್ನು ಮಾಣಿಯ ಒಂದು ಮನೆಯ ಜಗಲಿಯಲ್ಲಿ, ಕೆಲವನ್ನು ಮಂಗಳೂರಿನ ದಕ್ಕೆಯ ಬಳಿಯ ಒಂದು ಮಾಡಿನ ಕೆಳಗೆ ಜೂನ್ 1ರಂದು ತೂಗುಹಾಕಬೇಕು. ಎರಡೂ ಕಡೆ ಒಂದೊಂದು ತುಂಡನ್ನು ಮೊದಲೇ ಕಡಲ ನೀರಿನಲ್ಲಿ ಅದ್ದಿ, ಇನ್ನೊಂದನ್ನು ಅದ್ದಿ ಸಿಹಿನೀರಿನಲ್ಲಿ ತೊಳೆದು ತೂಗುಹಾಕಿರಬೇಕು. ಜುಲೈ 31ರಂದು ತಂದು, ತುಕ್ಕನ್ನು ಕೆರೆದು ತೆಗೆದು ಮತ್ತೆ ತೂಗಿದರೆ, ಪ್ರತಿಯೊಂದು ತುಂಡೂ ಎಷ್ಟು ಕಬ್ಬಿಣವನ್ನು ಕಳೆದುಕೊಂಡಿತೆಂಬುದನ್ನು ತಕ್ಕಡಿಯೇ ಹೇಳುವುದು. ಮಳೆಗಾಲವು ಪ್ರತಿವರ್ಷವೂ ಬರುತ್ತದೆ, ಕಾಲೇಜೂ ಆ ತಿಂಗಳುಗಳಲ್ಲಿಯೇ ತೆರೆದಿರುತ್ತದೆ. ಒಳನಾಡಿನ ವಿದ್ಯಾರ್ಥಿಗಳೂ ಕಡಲತೀರದ ವಿದ್ಯಾರ್ಥಿಗಳೂ ಸೇರಿ ಈ ತೂಕಗಳನ್ನು ಒಂದು ಪಟ್ಟಿಯಲ್ಲಿ ಬರೆದು ದಕ್ಕೆಯ ಗೋಡೆಗೆ ಅಂಟಿಸಿದರೆ, ನಮ್ಮ ಈ ದೀರ್ಘ ಲೇಖನಕ್ಕಿಂತ ಆ ಒಂದು ಹಾಳೆಯು ಬೋಟಿನವರಿಗೆ ಹೆಚ್ಚು ಉಪಕಾರ ಮಾಡೀತು.